ಜೋಡಿ ಯಾರು ಬಂದಾರ?

"ಪೇಶಂಟ್ ಎಲ್ರೀ ಮೇಡಮ್?" ಕೌಂಟರಿನವನು ನನ್ನ ಬೆನ್ನ ಹಿಂದೆ ಇಣುಕಿದ.

"ನಾನೇ ರೀ."

ಅವನು ನಕ್ಕ. ನಾನು ಸಮಾಜ ಕಾರ್ಯಕರ್ತೆ. ಮನಸ್ಸಿನ ಕಾಯಿಲೆಯವರನ್ನು ಕಮಲಾಪುರದಿಂದ ಬಸ್ಸು ಹತ್ತಿಸಿ ಕಲಬುರಗಿಯ ಈ ಆಸ್ಪತ್ರೆಗೆ ಕರೆತರುವುದು ನನ್ನ ಕೆಲಸ. ಸಾಲಿನಲ್ಲಿ ನಿಂತು ಆಸ್ಪತ್ರೆಯ ದೊಡ್ಡ ಸಾಹೇಬರ ಕೆಮ್ಮು ಅಣಕಿಸಿ ಎಲ್ಲರನ್ನೂ ನಗಿಸಿದವಳೂ ನಾನೇ. ಇದೂ ಅಂಥದ್ದೇ ಎಂದುಕೊಂಡ.

"ಚೇಷ್ಟೆ ಸಾಕ್ರೀ ನಾಗರತ್ನಾ ಮೇಡಮ್. ಹನ್ನೆರಡಕ್ಕ ಕೌಂಟರ್ ಬಂದ್."

ಚೇಷ್ಟೆಯಲ್ಲ. ನಾನು ಆರು ಸಲ ಮನೆಗೆ ಹೋಗಿ ಮಾತಾಡಿಸಿದ್ದ ಹುಡುಗಿ ಎರಡು ತಿಂಗಳ ಹಿಂದೆ ತಾನೇ ಜೀವ ಕಳೆದುಕೊಂಡಳು. ಅಂದಿನಿಂದ ನಿದ್ದೆಯಿಲ್ಲ, ಅನ್ನ ಸೇರುವುದಿಲ್ಲ. ಸಂಸ್ಥೆಯ ಮೇಲ್ವಿಚಾರಕ ಪ್ರೇಮಕುಮಾರರಿಗೆ ಹೇಳಿದರೆ ಅವರು, "ನೋಡಮ್ಮಾ, ನಾವೇ ಹಿಂಗಾದ್ರ ಹೆಂಗ? ಸಿಬ್ಬಂದಿಗಿ ಒಂದ್ ಒತ್ತಡ ನಿವಾರಣಾ ಶಿಬಿರ ಇಡೂಣು. ಬ್ಯಾನರ್, ಕುರ್ಚಿ ನೀನೇ ನೋಡ್ಕೋ" ಎಂದರು. ನೋಡಿಕೊಂಡೆ. ಚಹಾ ಹಂಚಿದೆ. ಒತ್ತಡ ಎಲ್ಲರದೂ ನಿವಾರಣೆಯಾಯಿತು, ನನ್ನದೊಂದು ಬಿಟ್ಟು.

"ಬರೀರಿ. ನಾಗರತ್ನಾ, ಮೂವತ್ನಾಕು."

ನನ್ನ ದನಿ ಕೇಳಿ ಅವನ ನಗು ನಿಂತಿತು. "ಜೋಡಿ ಯಾರು ಬಂದಾರ? ಯಾರೂ ಇಲ್ದ ಈ ವಿಭಾಗದಾಗ ಚೀಟಿ ಕೊಡಂಗಿಲ್ಲ. ನಿಮಗೇ ಗೊತ್ತದ."

ಗೊತ್ತಿತ್ತು. ಜೊತೆಗೆ ಬಂದವರ ಖಾನೆಯಲ್ಲಿ ನೂರಾರು ಸಲ ನನ್ನ ಹೆಸರೇ ಬರೆಸಿದ್ದೇನೆ. ನೊಂದವರ ನೋಂದಣಿಗೆ ಎಷ್ಟೊಂದು ನಿಯಮ! ನೋಯಿಸುವವರಿಗೆ ಒಂದು ಚೀಟಿಯೂ ಬೇಡ.

ಫೋನು ಬಂತು. ಪ್ರೇಮಕುಮಾರರೇ. "ರಜಾ ಇದ್ರೇನಾತು, ಆಸ್ಪತ್ರ್ಯಾಗೇ ಇದ್ದಿ ಅಲ್ಲ? ಬಂಡೆಮ್ಮ ಇವತ್ತ ಗುಳಿಗಿ ತಗೊಳ್ಲಾಕ ಬಂದಿರ್ತಾಳ. ಆಕಿ ಜೋಡಿ ಒಂದ್ ಫೋಟೋ ಕಳಸು, ಭೇಟಿ ಅಂತ ರಿಪೋರ್ಟಿನ್ಯಾಗ ಹಾಕೂಣು."

ಕಟ್ ಮಾಡಿದೆ.

ಬಂಡೆಮ್ಮ ನಿಜವಾಗಿಯೂ ಸಾಲಿನಲ್ಲಿದ್ದಳು. ಕಮಲಾಪುರದಲ್ಲಿ ಬಾಳೆಹಣ್ಣು ಮಾರುವವಳು; ಎರಡು ವರ್ಷ ನಾನು ಕೈಹಿಡಿದು ತಂದವಳು, ಈಗ ಒಬ್ಬಳೇ ಬರುತ್ತಾಳೆ. ಎಲ್ಲವನ್ನೂ ಕೇಳಿಸಿಕೊಂಡು ಮುಂದೆ ನುಗ್ಗಿದಳು.

"ಬರಕೋ ಯಪ್ಪಾ. ಜೋಡಿ ಬಂದಾಕಿ ಬಂಡೆಮ್ಮ."

"ನೀನೇ ಪೇಶಂಟ್ ಬೇ! ಪೇಶಂಟ್ ಜೋಡಿ ಪೇಶಂಟ್ ನಡ್ಯಂಗಿಲ್ಲ."

"ಎಲ್ಲಿ ಬರದದ, ತೋರ್ಸು. ಕೆಟ್ಟಿದ್ದು ನನ್ನ ತಲಿ, ಕಾಲಲ್ಲ. ಡಾಕ್ಟರ್ ತನಕಾ ಕರ್ಕೊಂಡ್ ಹೋಗ್ಲಾಕ ಕಾಲು ಸಾಕು. ಈಕಿ ನನ್ನ ಕರ್ಕೊಂಡ್ ಬಂದಾಗ, ಈಕಿ ನನಗೇನಾಗ್ಬೇಕು ಅಂತ ನೀ ಒಮ್ಮೆರೆ ಕೇಳಿದ್ದೇನು?"

ಸಾಲು ಗೊಳ್ಳೆಂದಿತು. ಅವನು ಗಡಿಯಾರ ನೋಡಿದ, ಬರೆದುಕೊಂಡ. ಬಂಡೆಮ್ಮ ಹೆಬ್ಬೆಟ್ಟೊತ್ತಿದಳು.

ಒಳಗೆ ಡಾಕ್ಟರ್ ಮೆಹರೀನ್ ರೂಢಿಯಂತೆ ಕೇಳಿದರು: "ಹೇಳ್ರಿ ನಾಗರತ್ನಾ, ಬಂಡೆಮ್ಮ ಹೆಂಗಿದ್ದಾಳ?"

"ನಂದು ಆಮ್ಯಾಲ್ರೀ," ಎಂದು ಬಂಡೆಮ್ಮ ನನ್ನನ್ನು ಪೇಶಂಟಿನ ಸ್ಟೂಲಿನ ಮೇಲೆ ಕೂರಿಸಿದಳು.

ನಾನೂ ರೂಢಿಯಂತೆ ಶುರುಮಾಡಿದೆ: "ಪೇಶಂಟಿಗೆ ಎರಡು ತಿಂಗಳಿಂದ ನಿದ್ದಿ ಇಲ್ರಿ. ಊಟ ಸೇರವಲ್ದು. ಪೇಶಂಟು..."

"ಯಾರಿಗ್ರೀ?"

"ನನಗ ರೀ."

ಅಳು ಬಂದೀತೆಂದು ಹೆದರಿದ್ದೆ. ಬಂದದ್ದು ಸಿಟ್ಟು. ಮೇಜು ಗುದ್ದಿ, ಎರಡು ತಿಂಗಳಲ್ಲಿ ಮೊದಲ ಸಲ ಆ ಹುಡುಗಿಯ ಹೆಸರು ಹೇಳಿದೆ.

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಸಿಟ್ಟೇ ಇರ್ಲಿ. ಹೇಳ್ರಿ."