ಆಚೆ ದಡದವನು

ಸುಮ ಅರ್ಧ ತಂಬಿಗೆ ಹಾಲು ಕರೆದಿದ್ದಳು, ಅಷ್ಟರಲ್ಲಿ ಒಳಗಿನಿಂದ ಗಂಡ ಸಿದ್ದೇಶನ ದನಿ ಬಂತು.

"ಸುಮಾ, ಇಲ್ಬಾ. ಅಪ್ಪ ಏಳ್ತಾ ಇಲ್ಲ ಕಣೇ."

ಆ ದನಿಯಲ್ಲಿ ಗಾಬರಿ ಇರಲಿಲ್ಲ. ಅದಕ್ಕೇ ಅವಳಿಗೆ ಗೊತ್ತಾಗಿಹೋಯಿತು. ಕರುವಿನ ಹಗ್ಗ ಬಿಚ್ಚಿ, ಉಳಿದದ್ದು ಅದೇ ಕುಡಿಯಲಿ ಎಂದು ಒಳಗೆ ಹೋದಳು.

ಹತ್ತು ಗಂಟೆಯ ಹೊತ್ತಿಗೆ ಮಾವ ಚಿಕ್ಕಸಿದ್ದಯ್ಯನನ್ನು ಜಗಲಿಯ ಮೇಲೆ ಗೋಡೆಗೊರಗಿಸಿ ಕೂರಿಸಿದ್ದರು. ಜನ ಬರುತ್ತಿದ್ದರು. ಆದರೆ ಹತ್ತಿರ ಬಾರದೆ ಬೀದಿಯಲ್ಲೇ ನಿಲ್ಲುತ್ತಿದ್ದರು. ಎದುರು ಮನೆಯ ನಾಗರಾಜನಂತೂ ತನ್ನ ಜಗಲಿಯ ಮೇಲೆ ಈ ಕಡೆಗೆ ಬೆನ್ನು ಹಾಕಿ ಕೂತಿದ್ದ.

"ಚಟ್ಟಕ್ಕೆ ಎಗಲು ಕೊಡೋರು ಯಾರ್ಲಾ?" ಬೀದಿಯಲ್ಲಿ ಒಬ್ಬ ಕೇಳಿದ.

"ಅವ್ರ ನೆಂಟ್ರು ಕೊಡ್ಲಿ. ನಾಗರಾಜನ ಅವ್ವ ಮಂಗಳಮ್ಮನ್ನ ಒತ್ತ ಎಗಲು ನಮ್ದು."

"ಸತ್ತೋರ್ ಮುಂದೆ ಅಂಗನ್ಬ್ಯಾಡ ಕಣ್ಲಾ."

"ಬದುಕಿದ್ದಾಗ ಕೇಳುದ್ರೆ ಬಾಯ್ ಬುಟ್ನಾ ಈವಯ್ಯ?"

ಸುಮ ಹತ್ತು ವರ್ಷದ ಮಗಳು ಭೂಮಿಕಳನ್ನು ಪಕ್ಕಕ್ಕೆ ಎಳೆದುಕೊಂಡಳು. ಮಗುವಿನ ತುಟಿ ಬಿಗಿದುಕೊಂಡಿತ್ತು.

*

ಹೆದ್ದಾರಿಯಲ್ಲಿ ಟೋಲು ಶುರುವಾದ ಮೇಲೆ ಕಾರು, ಟೆಂಪೋ, ಲಾರಿಗಳೆಲ್ಲ ಆ ದುಡ್ಡು ಉಳಿಸಲು ಊರೊಳಗೆ ನುಗ್ಗಿ, ಹೊಳೆಯ ಹಳೇ ಸೇತುವೆ ಹಿಡಿದವು. ಒಂದು ಗಾಡಿ ಹೋಗುವಷ್ಟೇ ಅಗಲದ ಸೇತುವೆ. ಜೊತೆಗೆ ಪಾಂಡವಪುರದ ಕಡೆ ಹೋಗುವ ಕಬ್ಬಿನ ಟ್ರಾಕ್ಟರು ಬೇರೆ. ದಿನಾ ಜಗಳ. ಕೊನೆಗೆ ಎರಡೂ ದಡದ ಊರಿನವರು ಕೂತು ಮಾತಾಡಿ, ಈಚೆ ದಡಕ್ಕೆ ಚಿಕ್ಕಸಿದ್ದಯ್ಯನನ್ನೂ ಆಚೆ ದಡಕ್ಕೆ ಕೃಷ್ಣ ಎಂಬವನನ್ನೂ ನಿಲ್ಲಿಸಿದರು.

ಇಬ್ಬರಿಗೂ ಸೇರಿ ಒಂದೇ ಕೆಂಪು ಕೋಲು. ಕೋಲು ಯಾರ ಕೈಲಿದೆಯೋ ಅವನು ಗಾಡಿ ಬಿಡಬೇಕು. ಒಂದಿಪ್ಪತ್ತು ಬಿಟ್ಟ ಮೇಲೆ ಕೊನೆಯ ಗಾಡಿಯ ಡ್ರೈವರಿಗೆ ಕೋಲು ಕೊಟ್ಟು ಕಳಿಸಬೇಕು. ಅದು ಮುಟ್ಟಿದ ಮೇಲೇ ಆಚೆಯವನ ಸರದಿ. ಫೋನು ಮಾಡೋಣವೆಂದರೆ ಹಾರನ್ನಿನ ಗಲಾಟೆಯಲ್ಲಿ ಏನೂ ಕೇಳಿಸುತ್ತಿರಲಿಲ್ಲ. ನಾಲ್ಕು ವರ್ಷದಲ್ಲಿ ಇಬ್ಬರೂ ಒಟ್ಟಿಗೆ ಕೂತು ಒಂದು ಲೋಟ ಟೀ ಕುಡಿದವರಲ್ಲ. ಕೋಲಿಗೆ ಕಟ್ಟಿ ಎಲೆ ಅಡಿಕೆ ಕಳಿಸಿಕೊಳ್ಳುತ್ತಿದ್ದರು. ಒಮ್ಮೆ ಕೃಷ್ಣನ ಮಗಳ ಮದುವೆಯ ಲಗ್ನಪತ್ರಿಕೆಯೂ ಹಾಗೇ ಕೋಲಿಗೆ ಸುತ್ತಿಕೊಂಡು ಬಂದಿತ್ತು.

ಯುಗಾದಿ ಕಳೆದ ಮರುವಾರ ಎರಡೂ ಕಡೆಯ ಗಾಡಿಗಳು ಸೇತುವೆಯ ನಡುವೆ ಮುಖಾಮುಖಿಯಾದವು. ಹಿಂದೆ ಸರಿಯಲು ಜಾಗವಿಲ್ಲ. ಎದೆನೋವೆಂದು ಮಂಗಳಮ್ಮನನ್ನು ಕೂರಿಸಿಕೊಂಡು ಹೊರಟಿದ್ದ ಆಟೋ ಮೂರು ಗಂಟೆ ಅಲ್ಲೇ ಸಿಕ್ಕಿಕೊಂಡಿತು. ಆಕೆಯ ಜೀವ ಮಗನ ತೊಡೆಯ ಮೇಲೆ ಹೋಯಿತು.

ಇಬ್ಬರಲ್ಲಿ ಯಾರೋ ಒಬ್ಬ ಕೋಲಿಲ್ಲದೆ ಗಾಡಿ ಬಿಟ್ಟಿದ್ದ. ಊರಿನವರು ಕೈಗೆ ಸಿಕ್ಕ ಚಿಕ್ಕಸಿದ್ದಯ್ಯನನ್ನು ಕೇಳಿದರು. ಅವನು ತಲೆ ತಗ್ಗಿಸಿ ನಿಂತ.

ಮಾರನೆಯ ದಿನ ಭೂಮಿಕ ಒಲೆಯ ಹತ್ತಿರ ಬಂದು ಪಿಸುಗುಟ್ಟಿದಳು. "ಅಮ್ಮಾ, ನಿನ್ನೆ ನಾನು ತಾತಂಗೆ ಮಜ್ಗೆ ತಕಂಡೋಗಿದ್ನಲ್ಲ, ಆಗ ಕೋಲು ತಾತನ ಕಂಕುಳಲ್ಲೇ ಇತ್ತು. ಇನ್ನೂ ಗಾಡಿ ಬುಡ್ತಾ ಇದ್ರು. ಅಷ್ಟ್ರಲ್ಲೇ ಆಚೆಯಿಂದ ಗಾಡಿ ಬಂದ್ಬುಟ್ವು."

ಸುಮ ಮಾವನನ್ನು ಕೇಳಿದಳು. ಅವನು ಎಲೆಗೆ ಸುಣ್ಣ ಸವರುತ್ತ, "ಬುಡವ್ವ. ಮಾತಾಡುದ್ರೆ ಸತ್ತೋಳು ವಾಪಸ್ ಬಂದಾಳಾ?" ಎಂದ.

ನಿಜವಾಗಿದ್ದರೆ ಬಾಯಿಬಿಟ್ಟು ಹೇಳುವುದಕ್ಕೇನು? ಮಗು ತಾತನ ಮೇಲಿನ ಅಕ್ಕರೆಗೆ ಕಂಡಂತೆ ಮಾಡಿಕೊಂಡಿತೇ? ಸುಮಳಿಗೆ ಮಾವನ ಮೇಲೂ ಅನುಮಾನ, ಮಗಳ ಮೇಲೂ ಅನುಮಾನ. "ಯಾರ ಮುಂದೂ ಅನ್ಬ್ಯಾಡ ಮಗಾ. ನಾನೇ ಯೋಳ್ಕೊಟ್ಟೆ ಅಂತಾರೆ," ಎಂದು ಗದರಿದಳು. ಅವತ್ತಿನಿಂದ ಮಗು ಆ ಮಾತೆತ್ತಿರಲಿಲ್ಲ.

*

ಹನ್ನೆರಡರ ಬಿಸಿಲಲ್ಲಿ ಹಾರ ಹಿಡಿದುಕೊಂಡು ಒಬ್ಬ ನಡೆದು ಬಂದ. ಐವತ್ತರ ಆಸುಪಾಸು, ಬೆವರಿನಲ್ಲಿ ನೆಂದ ಅಂಗಿ.

"ಸೇತುವೆ ಮ್ಯಾಲೆ ಗಾಡಿ ನಿಂತ್ಬುಟ್ಟವೆ. ನಡ್ಕಂಡೇ ಬಂದೆ."

"ಯಾರ್ಲಾ ಇವ್ನು?"

"ಆಚೆ ದಡದ ಕೃಷ್ಣ ಕಣ್ಲಾ!"

ಆ ಹೆಸರಿಗೆ ನಾಗರಾಜ ತಿರುಗಿ ಕೂತ.

ಕೃಷ್ಣ ಹಾರ ಹಾಕಿ, ಚಿಕ್ಕಸಿದ್ದಯ್ಯನ ಪಾದದ ಮೇಲೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಬೆಳಗಿನಿಂದ ಹೆತ್ತ ಮಗನೂ ಅಷ್ಟು ಅತ್ತಿರಲಿಲ್ಲ. ದೂರದಿಂದ ಕೈಬೀಸಿದ ಗುರುತಿಗೆ ಇಷ್ಟು ಅಳುವೇ ಎಂದು ಸುಮ ಅವನನ್ನೇ ನೋಡಿದಳು.

"ದೇವ್ರಂತ ಮನ್ಸ," ಎಂದ ಕೃಷ್ಣ. "ಒಂದ್ ಮಾತು ಅನ್ನಲಿಲ್ಲ ನಂಗೆ."

"ಯಾವುದುಕ್ಕೆ ಅನ್ಬೇಕಾಗಿತ್ತು?" ಸಿದ್ದೇಶ ಕೇಳಿದ.

ಕೃಷ್ಣ ಟವೆಲಿನಲ್ಲಿ ಮುಖ ಒರೆಸಿಕೊಂಡು, ಸತ್ತವನ ಬಾಯಿಗೆ ಹಾಕಲೆಂದು ಪಕ್ಕದಲ್ಲಿದ್ದ ಮೊರದಿಂದ ಒಂದು ಹಿಡಿ ಅಕ್ಕಿ ತೆಗೆದುಕೊಂಡ. ನಾಲ್ಕು ಕಾಳು ಸಾಕಾಗಿತ್ತು. ನಾಗರಾಜ ಜಗಲಿಯಿಂದಿಳಿದು ಬರಿಗಾಲಲ್ಲಿ ಬೀದಿಯ ನಡುವೆ ನಿಂತಿದ್ದ.

ಭೂಮಿಕಳ ಕೈ ತನ್ನ ಕೈಯೊಳಗಿಂದ ಜಾರುತ್ತಿರುವುದು ಸುಮಳಿಗೆ ತಿಳಿಯಿತು. ಬಿಗಿಯಾಗಿ ಹಿಡಿದುಕೊಳ್ಳಬಹುದಿತ್ತು. ಬೆರಳು ಸಡಿಲಿಸಿದಳು.

ಮಗು ಎರಡು ಹೆಜ್ಜೆ ಮುಂದೆ ಹೋಯಿತು.

"ಅವತ್ತು ಕೋಲು ನಮ್ ತಾತನ ಕಂಕುಳಲ್ಲಿತ್ತು. ನಾನೇ ನೋಡ್ದೆ. ನೀವ್ ಎಂಗೆ ಗಾಡಿ ಬುಟ್ರಿ ಮಾವ?"

ಕೃಷ್ಣನ ಮುಷ್ಟಿಯಿಂದ ಅಕ್ಕಿ ಸಣ್ಣಗೆ ಚಿಕ್ಕಸಿದ್ದಯ್ಯನ ಮಡಿಲಿಗೆ ಸುರಿಯತೊಡಗಿತು.