ಬಿಳಿ ಪಟ್ಟಿಯ ಎರಡು ತುದಿ

“ತಲೆ ಅಲ್ಲಾಡಿಸಬೇಡ ಕಣೇ, ಕಿವಿ ಕತ್ತರಿಸೀತು!”

ದೊಡ್ಡಮ್ಮ ಕತ್ತರಿ ಹಿಡಿದು ಮೆನ್‌ಳ ಬೆನ್ನ ಹಿಂದೆ ನಿಂತಿದ್ದಳು. ಮೆನ್ ತನ್ನ ತಲೆಗೆ ಕಟ್ಟಿದ್ದ ಸೂತಕದ ಬಿಳಿ ಪಟ್ಟಿಯ ತುದಿಗಳನ್ನು ಎಳೆದು ಎದೆಗೊತ್ತಿಕೊಂಡಳು.

“ಅಮ್ಮ ಸತ್ತು ಅಪ್ಪ ಬದುಕಿದ್ರೆ ಒಂದು ತುದಿ ಉದ್ದ, ಒಂದು ಗಿಡ್ಡ. ಎರಡೂ ಸಮ ಬಿಟ್ರೆ ಇಬ್ರೂ ಸತ್ತ ಹಾಗೆ. ಅಲ್ನೋಡು, ನಿಮ್ಮಪ್ಪ ಗುಂಡುಕಲ್ಲಿನ ಹಾಗೆ ಅಂಗಳದಲ್ಲಿ ಕೂತಿದ್ದಾನೆ!”

“ಅಮ್ಮನೇ ಹರಿದಿಟ್ಟಿದ್ದು, ದೊಡ್ಡಮ್ಮಾ. ನನ್ನ ಹೆಸರು ಬರೆದು.”

“ಕಾಯಿಲೇಲಿ ಕೈ ತಪ್ಪಿರುತ್ತೆ.”

ವಿಯೆಟ್ನಾಮಿನ ಸಾ ಡೆಕ್ ಪೇಟೆಯಲ್ಲಿ ಮೂವತ್ತು ವರ್ಷ ಸೂತಕದ ಬಟ್ಟೆ ಮಾರಿದ ಅಮ್ಮ ತುಯೆತ್‌ಳ ಕೈ ಒಮ್ಮೆಯೂ ತಪ್ಪಿರಲಿಲ್ಲ. ಅವಳ ಟ್ರಂಕಿನಲ್ಲಿ ಮಗ ಲುವಾನ್‌ನ ಹೆಸರಿನದೂ ಒಂದು ಪಟ್ಟಿ ಇತ್ತು, ಈಗ ಅದು ಅವನ ತಲೆಯ ಮೇಲಿತ್ತು. ಅದರ ತುದಿಗಳು ಮಾತ್ರ ಪದ್ಧತಿಯಂತೆ ಒಂದು ಉದ್ದ, ಒಂದು ಗಿಡ್ಡ.

*

ವಿಚ್ಛೇದನವಾದಾಗ ಕೋರ್ಟು ಮಕ್ಕಳನ್ನು ಹಂಚಿತ್ತು. ಏಳು ವರ್ಷದ ಲುವಾನ್ ತಂದೆ ಖಾಂಗ್‌ಗೆ, ಐದರ ಮೆನ್ ತಾಯಿಗೆ. ಮಗಳ ಖರ್ಚಿಗೆ ಖಾಂಗ್ ತಿಂಗಳು ತಿಂಗಳು ಕೊಡಬೇಕು. ಭಾನುವಾರ ತಾಯಿ ಮಗನನ್ನು ನೋಡಬಹುದು. ಮೊದಲ ತಿಂಗಳೇ ತುಯೆತ್ ಆ ಹಣ ಕೇಳಲು ಹೋದಳು.

“ಸಾಕೋಕಾಗಲ್ವಾ? ಅವಳನ್ನೂ ಇಲ್ಲೇ ತಂದು ಬಿಡು,” ಎಂದ ಖಾಂಗ್.

“ನಿನ್ನ ಅನ್ನ ನಿನ್ನ ಹತ್ರಾನೇ ಇರ್ಲಿ. ಮಗನ್ನ ಕರಿ, ಇವತ್ತು ಭಾನುವಾರ.”

“ಮಲಗಿದ್ದಾನೆ.”

ಭಾನುವಾರ ಬಂದಾಗಲೆಲ್ಲ ಹುಡುಗ ಮಲಗಿರುತ್ತಿದ್ದ, ಬಾಗಿಲಿಗೆ ಅಗುಳಿ ಬಿದ್ದಿರುತ್ತಿತ್ತು. ತುಯೆತ್ ಅಳುತ್ತ ಕೂರುವ ಹೆಂಗಸಲ್ಲ. ಹುಡುಗನ ಶಾಲೆಯ ಗೇಟಿನೆದುರು ಗಂಜಿ ಮಾರುತ್ತ ಪಾತ್ರೆ ಇಟ್ಟು ಕೂತೇಬಿಟ್ಟಳು. ಬೆಳಗ್ಗೆ ಗಂಜಿ, ಆಮೇಲೆ ಬಟ್ಟೆ. ಹೀಗೆ ಒಂಬತ್ತು ವರ್ಷ. ಕೋರ್ಟು ಕೊಟ್ಟದ್ದು ವಾರಕ್ಕೊಂದು ದಿನ, ಅವಳು ತೆಗೆದುಕೊಂಡದ್ದು ಆರು.

*

“ಕತ್ತರಿ ಹಾಕ್ಬಿಡಿ ಅತ್ತಿಗೆ,” ಖಾಂಗ್ ಅಂಗಳದಿಂದಲೇ ಕೂಗಿದ. “ಬದುಕಿರೋನಿಗೆ ಅಪಶಕುನ.”

“ನನಗೆ ಅಪ್ಪ, ಅಮ್ಮ ಎರಡೂ ಆಗಿದ್ದವಳು ಇಲ್ಲೇ ಮಲಗಿದ್ದಾಳೆ,” ಎಂದಳು ಮೆನ್.

“ಲುವಾನ್, ನಿನ್ನ ತಂಗಿಗೆ ಬುದ್ಧಿ ಹೇಳೋ! ನಿನ್ನ ಪಟ್ಟಿ ನೋಡು, ಎಷ್ಟು ಸರಿಯಾಗಿದೆ.”

ಲುವಾನ್ ದೊಡ್ಡಮ್ಮನ ಕೈಯಿಂದ ಕತ್ತರಿ ತೆಗೆದುಕೊಂಡು ಅಂಗಳಕ್ಕಿಳಿದ.

“ನೀನು ನನ್ನ ಸಾಕಿದ್ದು ನಿಜ, ಅಪ್ಪ. ಅಮ್ಮ ಅದನ್ನ ಮರೀಲಿಲ್ಲ, ಅದಕ್ಕೇ ನನಗೆ ಹೀಗೆ ಹರಿದಿಟ್ಳು.” ಅವನು ಕತ್ತರಿಯ ಬಾಯಿ ತೆರೆದ. “ಆದ್ರೆ ಭಾನುವಾರ ನಾನು ಮಲಗಿರ್ತಿರ್ಲಿಲ್ಲ. ಕಿಟಕಿ ಸಂದಿಯಿಂದ ನೋಡ್ತಿದ್ದೆ.”

ತನ್ನ ಪಟ್ಟಿಯ ಉದ್ದನೆಯ ತುದಿಯನ್ನು ಮುಂದಕ್ಕೆಳೆದು, ಗಿಡ್ಡದರ ಸಮಕ್ಕೆ ಕತ್ತರಿಸಿದ.

ಹೆಣದ ಪೆಟ್ಟಿಗೆ ಎದ್ದಿತು. ಅದರ ಮುಂದೆ ಅಣ್ಣ ತಂಗಿ ನಡೆದರು. ಬೆನ್ನ ಮೇಲೆ ನಾಲ್ಕು ತುದಿಗಳು, ಜೋಡಿ ಜೋಡಿ ಸಮವಾಗಿ ಹಾರುತ್ತಿದ್ದವು. ಗೇಣುದ್ದದ ಬಿಳಿ ತುಂಡೊಂದು ಖಾಂಗ್‌ನ ಚಪ್ಪಲಿಯ ಪಕ್ಕದಲ್ಲೇ ಬಿದ್ದಿತ್ತು.