ನಡುಕೆರೆಯ ನೀರು

ರಾತ್ರಿಯೆಲ್ಲ ಹನಿಹನಿ ಉದುರಿಸಿ ಬೆಳಗಿನ ಜಾವಕ್ಕೆ ಕೈತೊಳೆದುಕೊಂಡ ಆಕಾಶ, ತೆಂಕಣದಿಂದ ಬೆಚ್ಚನೆಯ ಗಾಳಿ, ಗಾಳಿಯೆಂದರೆ ಗಾಳಿಯೂ ಅಲ್ಲ, ಮಲಗಿದ ಮಗುವಿನ ಉಸಿರಿನಷ್ಟು — ಹವಾಮಾನ ಕಚೇರಿಯ ಕಿಟಕಿಯ ಪರದೆ ಒಮ್ಮೆ ಉಬ್ಬಿ ಮತ್ತೆ ಗೋಡೆಗೆ ಒರಗಿತು, ಚೆನ್ನಾಗಿದೆ ಎಂದುಕೊಂಡಳು ಅವಳು, ಬಹಳ ಚೆನ್ನಾಗಿದೆ, ಇಷ್ಟೊಂದು ಚೆನ್ನಾಗಿರುವುದೇ ಯಾಕೋ ಚೆನ್ನಾಗಿಲ್ಲ, ಸ್ವೆಟರ್ ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದ್ದಾಳೆ, ಕೆಲಸ ಕಳೆದುಕೊಂಡವನ ಹಾಗೆ ಜೋತುಬಿದ್ದಿದೆ ಅದು, ಮುಂದೆ ಮೇಜಿನ ಮೇಲೆ ವಸಂತದ ಮುನ್ನೋಟ, ಮೂರೇ ಸಾಲು, ನೆಲ, ಗಾಳಿ, ಸರೋವರ, ನೆಲ ಬೇಗ ಕಾವೇರಿದೆ, ಬಿತ್ತನೆಗೆ ಹದ ಬಂದಿದೆ, ಗಾಳಿ ಬೆಚ್ಚಗಿದ್ದು ತೇವದಿಂದ ತುಂಬಿದೆ, ಸರೋವರ ಶಾಂ — ಅಲ್ಲಿ ಪೆನ್ನು ನಿಂತುಬಿಟ್ಟಿದೆ, ಒಂದೇ ಪದ ಮುಗಿಸಿದರೆ ಸಾಕು, ಚಳಿಗಾಲವಿಡೀ ಕಟ್ಟೆಯಲ್ಲಿ ಕಟ್ಟಿಹಾಕಿದ ದೋಣಿಗಳು ಬಿಚ್ಚಿಕೊಳ್ಳುತ್ತವೆ, ಮೊದಲನೆಯದು ಅಣ್ಣನ ನೀಲಿ ದೋಣಿ, ಅದರೊಳಗೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಅಮ್ಮ, ಆಚೆ ದಡದ ಆಸ್ಪತ್ರೆಯಲ್ಲಿ ಇವತ್ತು ಆ ಬಟ್ಟೆ ಬಿಚ್ಚಬೇಕು, ಅತ್ತಿಗೆ ನಿನ್ನೆ ಸಂಜೆ ಫೋನಿನಲ್ಲಿ ಹೇಳಿದ್ದಳಲ್ಲ, ನಿಮ್ಮಣ್ಣ ನಿನ್ನ ಮುನ್ನೋಟ ಕೇಳಲ್ಲ ಅಂತಾರೆ ಕಣೆ, ಆದ್ರೆ ರೇಡಿಯೋ ಕಿವಿ ಹಿಂಡೋರು ಅವರೇ. ನಗು ಬಂದಿತ್ತು ಆಗ, ಈಗಿಲ್ಲ, ಯಾಕೆಂದರೆ ಕೆರೆಯ ನಡುವೆ ಕಲ್ಲುಸಾಲಿದೆ, ಬಿಸಿಲಲ್ಲಿ ಅದು ಬಾತುಗಳು ಕೂರುವ ಜಾಗ, ಮಂಜು ಕವಿದರೆ ಬಾಯಿ ತೆರೆದ ಗರಗಸ.

ವಸಂತ ಅನ್ನೋದು ಮೂರು ಜನ ನೆಂಟ್ರು ಮಗಾ, ಒಂದೇ ಬಂಡೀಲಿ ಬರಲ್ಲ, ಅಪ್ಪ ಹುಟ್ಟು ಹಾಕುತ್ತ ಹೇಳುತ್ತಿದ್ದ, ಮೊದಲು ನೆಲ ಬರಿಗಾಲಲ್ಲಿ ಓಡಿ ಬರುತ್ತೆ, ಹಿಂದೆ ಗಾಳಿ ಸೆರಗು ಸರಿಮಾಡ್ಕೊಂಡು ಬರುತ್ತೆ, ಕೆರೆ ಮಾತ್ರ ಹಿರಿಯಕ್ಕ, ಮನೆ ಬೀಗ ಹಾಕಿ, ಇನ್ನೊಂದ್ಸಲ ಎಳೆದು ನೋಡಿ, ಆಮೇಲೆ ಹೊರಡ್ತಾಳೆ — ಗಾಳಿ ಬಂದ ಮೇಲೂ ಹಿರಿಯಕ್ಕ ಹೊರಟಿರದಿದ್ದರೆ, ತಣ್ಣನೆಯ ನೀರಿನ ಮೇಲೆ ಬೆಚ್ಚನೆಯ ತೇವ ಹಾದರೆ, ಅಲ್ಲೇ ಮಂಜು ಹುಟ್ಟುತ್ತದೆ, ಅದಕ್ಕೇ ಆ ಬಾಟಲಿ, ದಪ್ಪ ಗಾಜಿನದು, ಕೊರಳಿಗೆ ಕಲ್ಲು, ಬಿರಡೆಗೆ ದಾರ, ಕೆರೆಯ ನಡುವೆ ಹಗ್ಗದಲ್ಲಿ ಇಳಿಬಿಟ್ಟು ಆಳಕ್ಕೆ ಹೋದ ಮೇಲೆ ದಾರ ಎಳೆದರೆ ಗುಳುಗುಳು ತುಂಬಿಕೊಳ್ಳುತ್ತದೆ, ಉಣ್ಣೆಯಲ್ಲಿ ಸುತ್ತಿ ತಂದು ಈ ಮೇಜಿನ ಮೇಲೆ ಇಡುತ್ತಿದ್ದ ಅಪ್ಪ, ಸುತ್ತಿದ್ದು ಬಿಚ್ಚಿದ್ದೇ ತಡ ಗಾಜು ತಳದಿಂದ ಮೇಲಕ್ಕೆ ಬೆಳ್ಳಗೆ ಮಸುಕಾಗುತ್ತಿತ್ತು, ಲಂಗದ ಹುಡುಗಿ ಅವಳು ಬೆರಳು ಮುಂದೆ ಮಾಡಿದರೆ, ಮುಟ್ಬೇಡ, ನೋಡು, ಕೆರೆ ಉಸಿರು ಬಿಡ್ತಿದೆ, ಬಾಟ್ಲಿ ಮೇಲೆ ಆಗಿದ್ದೇ ಇನ್ನೊಂದು ಗಳಿಗೇಲಿ ನಡುಕೆರೇಲೂ ಆಗುತ್ತೆ, ಅಪ್ಪನ ನಂತರ ಆ ಬಾಟಲಿ ಮುಳುಗಿಸುವ ಕೆಲಸ ಅಣ್ಣನಿಗೆ, ನೀರು ನೋಡಿ ಬರೆಯುವ ಕೆಲಸ ಅವಳಿಗೆ, ಹೋದ ವಸಂತದವರೆಗೆ. ಹೋದ ವಸಂತದಲ್ಲಿ ಅವಳು ಜೋರು ಗಾಳಿ ಬರುತ್ತದೆ ಎಂದು ಬರೆದಳು, ದೋಣಿಗಳು ನಿಂತವು, ಒಂದು ಎಲೆಯೂ ಅಲುಗಲಿಲ್ಲ, ಕಟ್ಟೆಯ ಮೇಲೆ ಎಲ್ಲರೆದುರು ಅಣ್ಣ, ಎಲ್ಲೇ ನಿನ್ನ ಗಾಳಿ, ದಾರಿ ತಪ್ಪಿ ಮಾವನ ಮನೆಗೆ ಹೋಯ್ತಾ, ಜನ ಹೊಟ್ಟೆ ಹಿಡಿದು ನಕ್ಕರು, ಅಲ್ಲಿಗೆ ಸುಮ್ಮನಿರಬಹುದಿತ್ತು ಅವಳು, ಇರಲಿಲ್ಲ, ಹುಟ್ಟು ಹಾಕೋಕೆ ತೋಳು ಸಾಕು ಅಣ್ಣ, ಆಕಾಶ ನೋಡೋಕೆ ತಲೆ ಬೇಕು, ಎಂದಳು, ನಗು ನಿಂತಿತು, ಅಣ್ಣ ಬಾಟಲಿ ಎತ್ತಿ ಕಂಕುಳಿಗೆ ಸಿಕ್ಕಿಸಿಕೊಂಡ, ಹಾಗಾದ್ರೆ ಆ ತಲೇನೇ ಮುಳುಗಿಸಿ ನೀರು ತಗೋ ಹೋಗು, ಮಾತು ಮನೆ ಕೆಡಿಸಿತು ಅನ್ನುವುದು ಸುಮ್ಮನೆ ಅಲ್ಲ.

ಅದಕ್ಕೇ ಈ ಸಲ ಬಕೆಟ್ಟು, ಕಟ್ಟೆಯ ಮೆಟ್ಟಿಲ ಬುಡದಲ್ಲಿ ಮುಳುಗಿಸಿದ್ದು, ನೀರು ಬೆಚ್ಚಗೆ ಹಿತವಾಗಿತ್ತು, ಥರ್ಮಾಮೀಟರ್ ಕೂಡ ಹೌದು ಎಂದಿತು, ಮೂರೂ ನೆಂಟರು ಒಟ್ಟಿಗೇ ಬಂದಿದ್ದಾರೆ ಎಂದಿತು, ಆದರೆ ಕಾಲು ಜಾರಿ ಒಂದು ಮೆಟ್ಟಿಲು ಕೆಳಗಿಟ್ಟಾಗ ಹೆಬ್ಬೆರಳಿಗೆ ಏನೋ ಕಚ್ಚಿತಲ್ಲ, ಚಳಿ, ಸೂಜಿಯಂಥ ಚಳಿ, ಈಗಲೂ ಚಪ್ಪಲಿಯೊಳಗೆ ಅದೊಂದೇ ಬೆರಳು ಬೇರೆಯಾಗಿ ಕೂತಿದೆ, ದಡದ ನೀರು ದಡದ ಮಾತನ್ನೇ ಆಡುತ್ತದೆ, ಕೆರೆಯ ಮಾತು ಕೆರೆಯ ಹೊಟ್ಟೆಯಲ್ಲಿದೆ, ಮಂಜು ಎಂದು ಬರೆದುಬಿಡಲೇ, ಸುಳ್ಳಾದರೆ ಮುಂದೆ ಯಾರೂ ಕೇಳುವುದಿಲ್ಲ, ಶಾಂತ ಎನ್ನಲೇ, ಸುಳ್ಳಾದರೆ ಅಮ್ಮ, ಕಣ್ಣು ಕಟ್ಟಿಕೊಂಡ ಅಮ್ಮ, ಮಂಜು ಬಂದದ್ದೂ ಅವಳಿಗೆ ತಿಳಿಯುವುದಿಲ್ಲ, ದೇವರೇ, ಗೊತ್ತಿಲ್ಲದ್ದನ್ನು ಗೊತ್ತಿದೆ ಅನ್ನಿಸಬೇಡ ನನ್ನ ಕೈಯಲ್ಲಿ, ಅಷ್ಟು ಸಾಕು — ಫೋನು, ರೇಡಿಯೋದವನು, ಏನ್ ಮೋಡದಮ್ಮ, ಎರಡೇ ಸಾಲು ಕೊಟ್ಟಿದೀರಿ, ಕೆರೆ ರಜಾ ಹಾಕಿದ್ಯಾ, ಬರ್ಕೊಳ್ಳಿ ಎಂದಳು, ಸರೋವರ, ನಡುಕೆರೆಯ ನೀರು ಈ ವರ್ಷ ಕಚೇರಿಗೆ ಬಂದಿಲ್ಲ, ಬರುವ ತನಕ ಸರೋವರದ ವಿಷಯ ಕಚೇರಿಗೆ ಗೊತ್ತಿಲ್ಲ, ಅಯ್ಯೋ ಹೀಗೆ ಓದಿದ್ರೆ ಜನ ನಗ್ತಾರಮ್ಮ, ನಗ್ಲಿ ಬಿಡಿ, ನಗೋರು ದಡದ ಮೇಲೆ ತಾನೆ ಇರ್ತಾರೆ.

ಓದಿದ, ಹಾಗೆಯೇ ಓದಿದ, ಕಚೇರಿಗೆ ಗೊತ್ತಿಲ್ಲ ಎಂಬಲ್ಲಿ ಅವನ ಗಂಟಲಿಗೂ ಸ್ವಲ್ಪ ನಗು ಅಡ್ಡ ಬಂತು, ಆಮೇಲೆ ಯಾವುದೋ ವಾದ್ಯ, ಅವಳು ಕಿಟಕಿಗೆ ಹಣೆಯೊತ್ತಿ ನಿಂತಿದ್ದಾಳೆ, ಹಟಕ್ಕೆ ಬಿದ್ದರೆ ಅಣ್ಣ ಅಪ್ಪನ ಮಗ, ಹಟಕ್ಕೆ ಬಿದ್ದೇ ಹೊರಟುಬಿಟ್ಟರೆ — ಹೊರಟೇಬಿಟ್ಟಿತು, ನೀಲಿ ದೋಣಿ, ಕಟ್ಟೆ ಬಿಟ್ಟು, ಅಮ್ಮನ ಕೆಂಪು ಶಾಲು ಎಲ್ಲಿ, ಹಲಗೆಯ ಮೇಲಿಲ್ಲ, ಹಿಂದೆಯೂ ಇಲ್ಲ, ಒಬ್ಬನೇ, ಒಬ್ಬನೇ ಇದ್ದಾನೆ, ಕಲ್ಲುಸಾಲಿನ ಈಚೆಗೇ ಹುಟ್ಟು ಒಳಗೆಳೆದುಕೊಂಡ, ಎದ್ದು ನಿಂತ, ಬಾಗಿದ, ಕೈಗಳು ನಿಧಾನವಾಗಿ ಏನನ್ನೋ ಕೆಳಗೆ ಬಿಡುತ್ತಿವೆ, ಆ ಬಾಗುವ ರೀತಿ, ಎಡಮೊಣಕಾಲು ಅಂಚಿಗೆ ಕೊಟ್ಟು, ಅದು ಅಪ್ಪನದೇ ಅಲ್ಲವೇ, ಕಣ್ಣು ಯಾಕೆ ಮಂಜಾಗುತ್ತಿದೆ, ಕೆರೆಗಿಂತ ಮೊದಲು ಅವಳದೇ. ಆಮೇಲೆ ಮೆಟ್ಟಿಲ ಮೇಲೆ ಒದ್ದೆ ಹೆಜ್ಜೆ, ಬಾಗಿಲು ತಟ್ಟುವುದು ಅವನಿಗೆ ಯಾವತ್ತೂ ಗೊತ್ತಿಲ್ಲ, ಬಂದ, ತನ್ನ ಉಣ್ಣೆಯ ಟೊಪ್ಪಿಗೆಯಲ್ಲಿ ಸುತ್ತಿದ್ದನ್ನು ಮೇಜಿನ ಮೇಲೆ ಸದ್ದಾಗದಂತೆ ಇಟ್ಟ, ಬಾಟ್ಲಿ ಕಚೇರೀದು, ಎಂದ, ಗೋಡೆ ನೋಡುತ್ತ, ಅಮ್ಮನ್ನ ಕೂರಿಸಿಲ್ಲ, ಬಟ್ಟೆ ನಾಳೆ ಬಿಚ್ಚಿದ್ರೆ ಕಣ್ಣೇನು ಊರು ಬಿಟ್ಟು ಓಡಿಹೋಗಲ್ಲ ಅಂದ್ಲು, ಬೆರಳು ಉಜ್ಜಿಕೊಂಡ, ಕೈ ಮರಗಟ್ಟಿದೆ ಕಣೆ, ಎಂದ. ಕೂತ್ಕೋ ಅಣ್ಣ, ಅಷ್ಟೇ ಬಂತು ಅವಳ ಬಾಯಿಗೆ, ತೋಳು ತಲೆ ಎಂದದ್ದಕ್ಕೆ ಕ್ಷಮೆ ಕೇಳಬೇಕಿತ್ತು, ಕುರ್ಚಿಯ ಬೆನ್ನಿಂದ ಸ್ವೆಟರ್ ತೆಗೆದು ಅವನ ಎರಡೂ ಕೈಗೆ ಸುತ್ತಿದಳು, ಮಗುವಿಗೆ ಸುತ್ತುವ ಹಾಗೆ, ಅವನು ಬೇಡ ಅನ್ನಲಿಲ್ಲ, ಆಮೇಲೆ ಟೊಪ್ಪಿಗೆ ಬಿಚ್ಚಿದಳು, ಗಾಜು ತಿಳಿಯಾಗಿತ್ತು, ಆಚೆ ಗೋಡೆ ಕಾಣುವಷ್ಟು ತಿಳಿ, ಇಬ್ಬರೂ ನೋಡುತ್ತಿದ್ದಾರೆ, ತಳದಲ್ಲಿ ಉಗುರಿನಷ್ಟು ಬಿಳುಪು, ಏರಿತು, ನಡುವಿಗೆ ಬಂತು, ಕೊರಳಿಗೆ ಬಂತು, ಬೆರಳು ತಾನೇ ಮುಂದೆ ಹೋಯಿತು, ಮುಟ್ಬೇಡ, ಎಂದ ಅಣ್ಣ, ಅಪ್ಪನ ದನಿಯಲ್ಲಿ, ಬೆರಳು ಅಲ್ಲೇ ನಿಂತಿತು, ಗಾಜು ಬೆಳ್ಳಗೆ, ಉಸಿರು, ಪೂರ್ತಿ ಬೆಳ್ಳಗೆ.